ದುರ್ಗದ ಮಿಕ್ಸಿ ರಿಪೇರಿ ಅಂಗಡಿ: ಕೆಲಸಕ್ಕೆ ಐದು ಸ್ಟಾರ್, ಟೈಮಿಗೆ ಎರಡೇ

ನಾನು ಚಿತ್ರದುರ್ಗದಲ್ಲಿ ಮನೆಯಲ್ಲೇ ಚಟ್ನಿಪುಡಿ ಮಾಡಿ ಮಾರುತ್ತೇನೆ. ಮಿಕ್ಸಿ ಕೆಟ್ಟರೆ ವ್ಯಾಪಾರವೂ ಬಂದ್. ಹೋದ ತಿಂಗಳು ಶೇಂಗಾ ಅರೆಯುವಾಗ ಒಳಗೆ ಕಿಡಿ ಹಾರಿ ನಿಂತೇ ಹೋಯಿತು. ಅಡಿಯಲ್ಲಿರುವ ಕೆಂಪು ಬಟನ್ ಒತ್ತಿದರೂ ಅಲುಗಾಡಲಿಲ್ಲ. ಸರ್ವಿಸ್ ಸೆಂಟರ್‌ನವರು ಬಿಚ್ಚಿಯೂ ನೋಡದೆ "ಮೋಟಾರ್ ಹೋಗಿದೆ, 2,200 ಆಗುತ್ತೆ" ಅಂದರು. ಬಸ್ ಸ್ಟ್ಯಾಂಡ್ ಹಿಂದಿನ ಗಲ್ಲಿಯ ಈ ಅಂಗಡಿಗೆ ತಂದೆ.

ಅಂಗಡಿಯ ಅಣ್ಣ ಮೊದಲು ಮಾಡಿದ್ದು ಸೀರೀಸ್ ಬೋರ್ಡಿಗೆ ಮಿಕ್ಸಿ ಸಿಕ್ಕಿಸಿದ್ದು. ಹಲಗೆ ಮೇಲೆ ಒಂದು 100 ವ್ಯಾಟಿನ ಹಳೇ ಬಲ್ಬು, ಒಂದು ಪ್ಲಗ್ ಪಾಯಿಂಟು, ಅಷ್ಟೇ. ಕರೆಂಟ್ ಬಲ್ಬಿನ ಮೂಲಕ ಹಾದೇ ಮಿಕ್ಸಿಗೆ ಹೋಗುತ್ತದೆ. ಒಳಗೆ ಶಾರ್ಟ್ ಆಗಿದ್ದರೂ ಫ್ಯೂಸ್ ಹೋಗುವುದಿಲ್ಲ, ಬಲ್ಬು ಜೋರಾಗಿ ಉರಿಯುತ್ತದೆ. ನನ್ನದಕ್ಕೆ ಹತ್ತಲೇ ಇಲ್ಲ, ಅಂದರೆ ಒಳಗೆ ಎಲ್ಲೋ ಕರೆಂಟ್ ದಾರಿ ಕಡಿದಿತ್ತು. ಮಿಕ್ಸಿ ಬಿಚ್ಚಿ, ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ಷನ್ನು ಟೆಸ್ಟರ್ ತುದಿಯಿಂದ ಮೆಲ್ಲಗೆ ಒತ್ತಿದರು. ಬಲ್ಬು ಹತ್ತಿತು! "ಮೋಟಾರ್ ಚೆನ್ನಾಗಿದೆ ಕಣಮ್ಮಾ, ಬ್ರಷ್ ಸವೆದಿದೆ" ಅಂದರು. ಜೋಡಿ ಬ್ರಷ್ಷಿಗೆ 60, ಕೂಲಿ 150. ಹಳೇ ಬ್ರಷ್ಷನ್ನೂ ಕೈಗೆ ಕೊಟ್ಟರು, ಉಗುರಿನಷ್ಟೂ ಉಳಿದಿರಲಿಲ್ಲ.

ಇಷ್ಟು ಕಮ್ಮಿ ತಗೊಂಡರೆ ಹೊಟ್ಟೆ ತುಂಬುತ್ತಾ ಅಂತ ಕೇಳಿಯೇಬಿಟ್ಟೆ. ನನ್ನ ಸ್ವಂತ ಅಣ್ಣನ ಮಗ ಐಟಿಐ ಮುಗಿಸಿ ಇಂಥದೇ ಅಂಗಡಿ ಹಾಕುತ್ತೇನೆ ಅಂತ ಕುಣಿಯುತ್ತಿದ್ದಾನೆ, ಅದಕ್ಕೆ. ನಕ್ಕು ಗೋಡೆ ತೋರಿಸಿದರು. ಕಪ್ಲರ್ (ಮೋಟಾರನ್ನು ಜಾರಿಗೆ ಸೇರಿಸುವ ಹಲ್ಲಿನ ಬಿಲ್ಲೆ), ಬುಷ್ (ಜಾರಿನ ಬ್ಲೇಡಿನ ಕಡ್ಡಿ ತಿರುಗುವ ಪುಟ್ಟ ಕೊಳವೆ), ವಾಷರ್, ಫ್ಯಾನ್ ಕೆಪಾಸಿಟರ್, ಗೀಸರ್ ಕಾಯಿಲ್, ಎಲ್ಲಾ ಡಬ್ಬಿ ಡಬ್ಬಿ. ಬೆಂಗಳೂರಿನ ಎಸ್.ಪಿ. ರೋಡಿನಿಂದ ಒಟ್ಟಿಗೆ ತರುತ್ತಾರಂತೆ. ನಮ್ಮ ಬೋರ್ ನೀರಿನ ಪುಣ್ಯ, ಗೀಸರ್ ಕಾಯಿಲಿಗೆ ಸುಣ್ಣ ಕಟ್ಟುವುದು ನಿಲ್ಲುವುದೇ ಇಲ್ಲ. ಪಾರ್ಟು ಕೈಯಲ್ಲಿದ್ದರೆ ಕೆಲಸ ಅರ್ಧ ಗಂಟೆ, ಇಲ್ಲದಿದ್ದರೆ ಮಿಕ್ಸಿ ವಾರಗಟ್ಟಲೆ ಅಂಗಡಿಯಲ್ಲೇ ಕೊಳೆಯುತ್ತೆ, ದುಡ್ಡು ಹುಟ್ಟುವುದು ಇಲ್ಲೇ ಅಂದರು. ನೋಡುವುದಕ್ಕೇ 50 ರೂಪಾಯಿ, ರಿಪೇರಿ ಮಾಡಿಸಿದರೆ ಅದು ಬಿಲ್ಲಿನಲ್ಲಿ ವಜಾ. ಸುಮ್ನೆ ತೋರಿಸಿಕೊಂಡು ಹೋಗುವವರ ಕಾಟ ಇದರಿಂದ ತಪ್ಪಿದೆಯಂತೆ. ಇಂಡಕ್ಷನ್ ಒಲೆ, ಓವನ್ ಮುಟ್ಟುವುದೇ ಇಲ್ಲ. "ಸರ್ಕ್ಯೂಟ್ ಬೋರ್ಡಿನ ಕೆಲಸಕ್ಕೆ ಕೂತರೆ ಇಡೀ ದಿನ ಹೋಗುತ್ತೆ." ಹುಡುಗನನ್ನು ಮೊದಲು ರುಡ್‌ಸೆಟ್ ತರಬೇತಿಗೆ ಕಳಿಸಿ ಅಂತಲೂ ಹೇಳಿದರು. 1982ರಲ್ಲಿ ಉಜಿರೆಯಲ್ಲಿ ಶುರುವಾದ, ಸ್ವಂತ ಉದ್ಯೋಗಕ್ಕೆ ತರಬೇತಿ ಕೊಡುವ ಸಂಸ್ಥೆ ಅದು. ಊಟ, ವಸತಿ, ಪಾಠ ಎಲ್ಲಾ ಉಚಿತ. ಲೆಕ್ಕ ಬರೆಯುವುದನ್ನೂ ಕಲಿಸುತ್ತಾರೆ. ನಮ್ಮ ಹುಡುಗನಿಗೆ ಬೇಕಾಗಿರುವುದೂ ಅದೇ.

ಇನ್ನು ದೂರು. ಫೋನ್ ಎತ್ತುವುದಿಲ್ಲ. ಸಂಜೆ ಅಂದರೆ ಮಾರನೇ ದಿನ ಮಧ್ಯಾಹ್ನ. ಕೂರಲು ಒಂದು ಸ್ಟೂಲೂ ಇಲ್ಲ. ಮದುವೆ ಸೀಸನ್‌ನಲ್ಲಂತೂ ಅಡುಗೆಯವರ ಗ್ರೈಂಡರುಗಳೇ ಬಾಗಿಲವರೆಗೆ, ನಮ್ಮಂಥವರನ್ನು ಕೇಳುವವರಿಲ್ಲ. ಆದರೂ ನಾನು ಬೇರೆ ಕಡೆ ಹೋಗುವುದಿಲ್ಲ.

ಹೋಗುವವರು ಜಾರನ್ನೂ ಜೊತೆಗೆ ಒಯ್ಯಿರಿ. ಕಪ್ಲರ್ ಸವೆದಿದೆಯಾ, ಜಾರಿನ ಬುಷ್ ತಿರುಗದಷ್ಟು ಬಿಗಿಯಾಗಿದೆಯಾ ಅಂತ ಮಿಕ್ಸಿ, ಜಾರು ಎರಡನ್ನೂ ಕೂಡಿಸಿ ನೋಡದೆ ಅಣ್ಣ ಕೆಲಸಕ್ಕೇ ಕೈ ಹಾಕುವುದಿಲ್ಲ.