ಒಂದೇ ಪದಕ್ಕೆ ಒಂದು ಇಡೀ ಸಂಜೆ: ದುರ್ಗಿಗುಡಿಯ ಸ್ಪೋಕನ್ ಇಂಗ್ಲಿಷ್ ಕ್ಲಾಸು

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಮಹಡಿ ಮೇಲೆ ನಡೆಯುವ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಮೂರು ತಿಂಗಳು ಹೋಗಿ ಬಂದೆ. ನಾನು ಪಂಪ್‌ಸೆಟ್ ಅಂಗಡಿಯಲ್ಲಿ ಕೆಲಸ ಮಾಡುವವನು. ಪಂಪಿನ ಜೊತೆ ಬರುವ ಪುಸ್ತಕವೆಲ್ಲ ಇಂಗ್ಲಿಷಲ್ಲೇ ಇರುತ್ತದೆ. ಓದಲು ಬರುತ್ತಿತ್ತು, ಅರ್ಥ ಅರ್ಧಂಬರ್ಧ.

ಒಂದು ಸಂಜೆ ಮೇಡಂ ಬೋರ್ಡಿನ ಮೇಲೆ 'ಸೆಟ್' ಅಂತ ಬರೆದು, ಇದನ್ನ ಎಲ್ಲೆಲ್ಲಿ ಕೇಳಿದ್ದೀರಿ ಹೇಳಿ ಅಂದರು. ಸೆಟ್ ದೋಸೆ, ಪಂಪ್‌ಸೆಟ್, ಮೊಸರು ಸೆಟ್ ಆಗಿಲ್ಲ, ಸಿಮೆಂಟ್ ಸೆಟ್ ಆಗ್ಬೇಕು ಅಂತ ಬೋರ್ಡು ತುಂಬಿತು. ಆಮೇಲೆ ನಡುವೆ ಒಂದು ಗೆರೆ ಎಳೆದರು. ದೋಸೆ, ಪಂಪು ಒಂದು ಕಡೆ. ಅದು ಗುಂಪು ಅನ್ನೋ ಅರ್ಥದ್ದು, ಲ್ಯಾಟಿನ್ನಿನಿಂದ ಹಳೆಯ ಫ್ರೆಂಚ್ ದಾಟಿ ಬಂದದ್ದು. ಮೊಸರು, ಸಿಮೆಂಟು ಇನ್ನೊಂದು ಕಡೆ. ಅದು ಇಂಗ್ಲಿಷಿನದೇ ಹಳೆಯ ಪದ, 'ಸಿಟ್' ಅಂದರೆ ಕೂರು, 'ಸೆಟ್' ಅಂದರೆ ಕೂರಿಸು. ಮುರಿದ ಮೂಳೆ ಕೂರಿಸೋದಕ್ಕೂ ಅವರು ಸೆಟ್ ಅಂತಲೇ ಹೇಳ್ತಾರಂತೆ, ನಮ್ಮ ಹಾಗೇ ಅಲ್ವಾ!

ಆದರೆ ಎಲ್ಲ ಕಡೆ 'ಕೂರಿಸು' ಹೊಂದುವುದಿಲ್ಲ. ಆಗುಂಬೆಯಲ್ಲಿ ಸೂರ್ಯ ಸೆಟ್ ಆದರೆ ನಮಗೆ ಮುಳುಗಿದ. ಮಳೆಗಾಲ 'ಸೆಟ್ ಇನ್' ಆದರೆ ಮಳೆ ಹಿಡೀತು. 'ಫ್ರೂಟ್ ಸೆಟ್' ಅಂದರೆ ಕಾಯಿ ಕಚ್ಚೋದು. ಇದನ್ನು ಹೇಳಿದ್ದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವರೊಬ್ಬರು, ಮೇಡಂ ತಕ್ಷಣ ಅದನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. 1989ರ ಆಕ್ಸ್‌ಫರ್ಡ್ ದೊಡ್ಡ ನಿಘಂಟಿನಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಈ ಮೂರಕ್ಷರದ ಪದಕ್ಕೇ ಇತ್ತಂತೆ.

ಮಾರನೇ ದಿನ ಅಂಗಡಿಯಲ್ಲಿ ಪುಸ್ತಕ ತೆಗೆದರೆ, ತಳದ ಸಿಮೆಂಟು ಸೆಟ್ ಆದ ಮೇಲೆ ಬೋಲ್ಟ್ ಬಿಗಿಸಿ ಅಂತ ಇದೆ. ಇಷ್ಟು ದಿನ ಅದನ್ನು ಸಿಮೆಂಟು ಹಾಕಿ ಆದ ಮೇಲೆ ಅಂತ ಓದಿಕೊಂಡು, ಹಸಿ ಇರುವಾಗಲೇ ಬಿಗಿಸಿ ಬರ್ತಿದ್ದೆ. ಗಟ್ಟಿಯಾಗುವ ತನಕ ಕಾಯಬೇಕಿತ್ತು. ಕೆಲವು ಕಡೆ ಪಂಪು ಯಾಕೆ ಅದುರುತ್ತಿತ್ತು ಅಂತ ಆಗ ಹೊಳೆಯಿತು. ಆ ತೋಟಗಳಿಗೆ ಮತ್ತೆ ಹೋಗಿ ಸರಿ ಮಾಡಿಕೊಟ್ಟೆ.

ಕೊರತೆ ಇಲ್ಲ ಅಂತಲ್ಲ. ಸಣ್ಣ ರೂಮಿನಲ್ಲಿ ಇಪ್ಪತ್ತೆರಡು ಜನ. ಕಿಟಕಿ ತೆಗೆದರೆ ಹಾರ್ನ್ ಸದ್ದು, ಮುಚ್ಚಿದರೆ ಸೆಕೆ. ಜೆರಾಕ್ಸ್ ನೋಟ್ಸ್ ಮಸುಕು. ಒಬ್ಬೊಬ್ಬರಿಗೂ ಮಾತಾಡೋಕೆ ಸಿಗುವ ಸಮಯ ಕಮ್ಮಿ, ಬರೀ ಮಾತು ಕಲಿಯೋಕೆ ಬಂದವರಿಗೆ ಇದು ಸಾಲದು. ಪದದ ಒಳಗೆ ಏನಿದೆ ಅಂತ ತಿಳಿಯಬೇಕು ಅನ್ನೋರು ಧಾರಾಳವಾಗಿ ಸೇರಬಹುದು, ನಾನು ಕೊಟ್ಟ ಮೂರೂವರೆ ಸಾವಿರಕ್ಕೆ ಮೋಸವಾಗಿಲ್ಲ. ಸ್ವಲ್ಪ ಬೇಗ ಹೋಗಿ ಮುಂದಿನ ಬೆಂಚು ಹಿಡಿಯಿರಿ, ಹಿಂದೆ ಕೂತರೆ ಬೋರ್ಡು ಕಾಣೋದಿಲ್ಲ.