ತುಟ್ಟಿಭತ್ಯೆ (ಡಿಎ) ಮುಂದೂಡಿದ ಆದೇಶ ಕಳುಹಿಸಿದವರು ತಡೆಯಾಜ್ಞೆ ಬಂದದ್ದನ್ನು ಹೇಳಲಿಲ್ಲ: ಸಣ್ಣ ಘಟಕ ನಡೆಸುವವರು ದಯವಿಟ್ಟು ಓದಿ

ಕಳೆದ ವಾರ ಒಬ್ಬ ಲೇಬರ್ ಕನ್ಸಲ್ಟೆಂಟ್‌ರಿಂದ ನನ್ನ ವಾಟ್ಸಾಪ್‌ಗೆ ಒಂದು ಸಂದೇಶ ಬಂದಿತು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಾಗಿವೆ, ಹಳೆಯ ಕಾಯ್ದೆಗಳು ಹೋದವು, ಹಳೆಯ ಬಾಕಿಯ ತಲೆನೋವೂ ಹೋಯಿತು, 25,000 ರೂಪಾಯಿ ಕೊಟ್ಟರೆ ನಿಮ್ಮ ದಾಖಲೆಗಳನ್ನೆಲ್ಲ ಹೊಸ ಪದ್ಧತಿಗೆ ತಂದುಕೊಡುತ್ತೇನೆ ಎಂಬುದು ಅದರ ಸಾರ. ಇದೇ ವ್ಯಕ್ತಿಯನ್ನು ನಂಬಿ ನಾನು ಹಿಂದೊಮ್ಮೆ ಹೇಗೆ ಕೆಟ್ಟೆನೆಂಬುದನ್ನು ನಾಚಿಕೆಯಿಂದ ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಆದರೆ ಅದೇ ಧಾಟಿಯ ಸಂದೇಶವನ್ನು ಅವರು ನಮ್ಮ ಸುತ್ತಲಿನ ಎಲ್ಲ ಘಟಕಗಳಿಗೂ ಕಳುಹಿಸುತ್ತಿದ್ದಾರೆಂದು ತಿಳಿದ ಮೇಲೆ ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ.

ಬೆಂಗಳೂರಿನ ಲಗ್ಗೆರೆಯ ಹತ್ತಿರ ಬಾಡಿಗೆ ಮಹಡಿಯೊಂದರಲ್ಲಿ ನನ್ನ ಹೊಲಿಗೆ ಘಟಕವಿದೆ. ದೊಡ್ಡ ಕಂಪನಿಯೊಂದರಿಂದ ಕತ್ತರಿಸಿದ ಬಟ್ಟೆ ಬರುತ್ತದೆ, ನಾವು ಜಾಬ್‌ವರ್ಕ್ ಮಾಡಿ ಷರ್ಟು ಹೊಲಿದು ಕೊಡುತ್ತೇವೆ. 2020ರಲ್ಲಿ ಟೈಲರ್, ಹೆಲ್ಪರ್, ಚೆಕಿಂಗ್‌ನವರು ಎಲ್ಲ ಸೇರಿ ಹದಿನೆಂಟು ಜನರಿದ್ದರು. ವೇತನ ಪಟ್ಟಿ, ಹಾಜರಿ ಪುಸ್ತಕ, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಚಲನ್ ಎಲ್ಲವನ್ನೂ ಈ ಕನ್ಸಲ್ಟೆಂಟ್ ನೋಡಿಕೊಳ್ಳುತ್ತಿದ್ದರು. ತಿಂಗಳಿಗೆ 3,000 ರೂಪಾಯಿ ಶುಲ್ಕ. ಬೆಲೆಯೇರಿಕೆಗೆ ತಕ್ಕಂತೆ ಪ್ರತಿವರ್ಷ ಏಪ್ರಿಲ್ 1ರಿಂದ ತುಟ್ಟಿಭತ್ಯೆ ಬದಲಾಗುತ್ತದೆ, ಅದೂ ಕನಿಷ್ಠ ವೇತನದ ಭಾಗವೇ, ಅಷ್ಟು ಸೇರಿಸಿ ಕೊಡಬೇಕು ಎಂಬುದು ನನಗೂ ಗೊತ್ತಿತ್ತು. ಆ ವರ್ಷ ಎಷ್ಟು, ಯಾವ ವಲಯಕ್ಕೆ ಎಷ್ಟು ಎಂಬ ಲೆಕ್ಕ ಮಾತ್ರ ಅವರದು. ಅದಕ್ಕೇ ಅಲ್ಲವೇ ತಿಂಗಳು ತಿಂಗಳು ದುಡ್ಡು ಕೊಡುವುದು?

2020ರ ಏಪ್ರಿಲ್‌ನಲ್ಲಿ ಗಾರ್ಮೆಂಟ್ಸ್ ಕಾರ್ಮಿಕರಿಗೆ ಏರಬೇಕಿದ್ದ ಡಿಎ ತಿಂಗಳಿಗೆ ಸುಮಾರು 417 ರೂಪಾಯಿ. ಆಗ ಲಾಕ್‌ಡೌನ್, ಕೆಲಸವಿಲ್ಲ, ಕಂಪನಿಯವರು ಹಳೆಯ ಬಿಲ್ಲನ್ನೇ ಕೊಟ್ಟಿರಲಿಲ್ಲ. ಜುಲೈ ತಿಂಗಳಲ್ಲಿ ಈ ಮಹಾಶಯರು ಸರ್ಕಾರಿ ಆದೇಶವೊಂದರ ಚಿತ್ರ ಕಳುಹಿಸಿದರು. ತುಟ್ಟಿಭತ್ಯೆಯ ಪಾವತಿಯನ್ನು 2021ರ ಮಾರ್ಚ್ 31ರವರೆಗೆ ಮುಂದೂಡಲಾಗಿದೆ ಎಂದು ಅದರಲ್ಲಿತ್ತು. ಕೆಳಗೆ ಅವರ ಒಂದು ಸಾಲು: "ಈ ವರ್ಷ ಡಿಎ ಇಲ್ಲ ಸಾರ್, ನಿಶ್ಚಿಂತೆಯಿಂದಿರಿ." ಆ ಆದೇಶ ಸುಳ್ಳಲ್ಲ, ಸರ್ಕಾರ ಹೊರಡಿಸಿದ್ದೇ. ನಾನು ನಿಶ್ಚಿಂತೆಯಿಂದ ಇದ್ದೆ.

ಆದರೆ ಕಾರ್ಮಿಕ ಸಂಘಟನೆಯವರು ಹೈಕೋರ್ಟಿಗೆ ಹೋದರು, ಅದೇ ಸೆಪ್ಟೆಂಬರ್‌ನಲ್ಲಿ ಆದೇಶಕ್ಕೆ ತಡೆಯಾಜ್ಞೆ ಬಂತು. ಅಂದರೆ ಡಿಎ ಕೊಡಲೇಬೇಕು. ಈ ಸುದ್ದಿ ನನಗೆ ಬರಲಿಲ್ಲ. ಮುಂದೂಡಿದ ಚಿತ್ರ ಅರ್ಧ ದಿನದಲ್ಲಿ ಬಂದಿತ್ತು, ತಡೆಯಾಜ್ಞೆಯ ಚಿತ್ರ ಇಂದಿಗೂ ಬಂದಿಲ್ಲ. 2021ರ ಏಪ್ರಿಲ್‌ನಲ್ಲಿ ಹೊಸ ಡಿಎ ಬಂದಾಗಲೂ ಅವರು ಅದನ್ನು 2019ರ ಮೊತ್ತದ ಮೇಲೆಯೇ ಕೂಡಿಸಿದ್ದರಿಂದ, ನಡುವಿನ 417 ರೂಪಾಯಿ ಪ್ರತಿ ತಿಂಗಳೂ ಬಿಟ್ಟುಹೋಗುತ್ತಲೇ ಇತ್ತು.

ನನ್ನನ್ನು ಇಂದಿಗೂ ಚುಚ್ಚುವುದು ಹಣದ ವಿಷಯವಲ್ಲ. ಆ ವರ್ಷ ದಸರಾ ಹೊತ್ತಿಗೆ ಕಾಲರ್ ಹೊಲಿಯುವ ನಮ್ಮ ಹಿರಿಯ ಟೈಲರ್ ಒಬ್ಬರು, ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುವುದು, ಊಟದ ಹೊತ್ತಿನಲ್ಲಿ ನನ್ನ ಮೇಜಿನ ಬಳಿ ಬಂದು, "ಸಾರ್, ದೊಡ್ಡ ಫ್ಯಾಕ್ಟರಿ ಕಡೆ ಡಿಎ ಕೊಡಬೇಕು ಅಂತ ಗಲಾಟೆ ಆಗ್ತಿದೆಯಂತೆ, ನಮಗೂ ಬರುತ್ತಾ?" ಎಂದು ಕೇಳಿದರು. ನಾನು ಫೋನ್ ತೆಗೆದು, ಆ ಆದೇಶವನ್ನು ದೊಡ್ಡದು ಮಾಡಿ, ಒಂದೊಂದು ಸಾಲನ್ನೂ ಬೆರಳಿಟ್ಟು ಓದಿ ಹೇಳಿದೆ. ಅಷ್ಟು ಹೊತ್ತಿಗೆ ತಡೆಯಾಜ್ಞೆ ಬಂದು ಒಂದು ತಿಂಗಳೇ ಆಗಿತ್ತು. ಪಾಪ, ಅವರು ಪೂರ್ತಿ ಕೇಳಿಸಿಕೊಂಡು, "ಸರ್ಕಾರದವರೇ ಬೇಡ ಅಂದಮೇಲೆ ನೀವೇನು ಮಾಡ್ತೀರ ಬಿಡಿ ಸಾರ್" ಎಂದು ಹೋಗಿ ಮಷೀನಿನ ಮುಂದೆ ಕುಳಿತರು. ಅಂದು ನನಗೆ ಒಳ್ಳೆಯ ಮಾಲೀಕನೆಂಬ ಹೆಮ್ಮೆಯೂ ಆಗಿತ್ತು. ಕಾಗದ ತೋರಿಸಿ ಮಾತನಾಡುವವನಲ್ಲವೇ ನಾನು!

2022ರ ಆರಂಭದಲ್ಲಿ ದೊಡ್ಡ ಗಾರ್ಮೆಂಟ್ಸ್ ಕಂಪನಿಗಳು ಬಾಕಿ ಕೊಡಲು ಶುರುಮಾಡಿದವು. ಒಂದು ಬೆಳಿಗ್ಗೆ ಅಕ್ಕ ಊಟದ ಚೀಲದಿಂದ ನಾಲ್ಕಾಗಿ ಮಡಿಸಿದ ಚೀಟಿಯೊಂದನ್ನು ತೆಗೆದು ನನ್ನ ಮುಂದಿಟ್ಟರು. ಅವರ ನಾದಿನಿಯ ಸಂಬಳದ ಚೀಟಿ. ಒಂದು ಮೂಲೆಯಲ್ಲಿ ಎಣ್ಣೆಯ ಕಲೆ, ಕೆಳಗೆ ಡಿಎ ಅರಿಯರ್ಸ್ ಎಂಬ ಸಾಲು, ಅದರ ಎದುರಿಗೆ ಮೊತ್ತ. "ನೀವೇ ಅವತ್ತು ಓದಿ ಹೇಳಿದ್ರಲ್ಲ ಸಾರ್" ಎಂದಷ್ಟೇ ಹೇಳಿದರು. ದನಿಯೇರಿಸಿ ಕೇಳಿದ್ದರೆ ನಾನೂ ಏನಾದರೂ ಉತ್ತರ ಕೊಡುತ್ತಿದ್ದೆನೇನೋ. ಆ ಚೀಟಿಯನ್ನು ನೋಡುತ್ತ ಕುಳಿತೆ, ತಲೆ ಎತ್ತಲಾಗಲಿಲ್ಲ.

ತಕ್ಷಣ ಕನ್ಸಲ್ಟೆಂಟ್‌ಗೆ ಫೋನ್ ಮಾಡಿದೆ. ಅವರ ಉತ್ತರಗಳನ್ನು ಒಂದೂ ಬಿಡದೆ ಬರೆಯುತ್ತೇನೆ. ಮೊದಲು, "ಅದು ಕೋರ್ಟಿನ ವಿಷಯ ಸಾರ್, ನಮ್ಮ ಸರ್ವೀಸಿನಲ್ಲಿ ಬರಲ್ಲ." ಆದೇಶ ಕಳುಹಿಸುವಾಗ ಸರ್ವೀಸಿನಲ್ಲಿ ಬರುತ್ತಿತ್ತಲ್ಲ ಎಂದರೆ, "ನೀವು ಆಮೇಲೆ ಕೇಳಲೇ ಇಲ್ಲವಲ್ಲ." ಗೊತ್ತಿಲ್ಲದ್ದನ್ನು ಕೇಳುವುದು ಹೇಗೆ ಎಂದರೆ, "ದೊಡ್ಡ ದೊಡ್ಡವರೇ ಇಷ್ಟು ದಿನ ಕೊಟ್ಟಿರಲಿಲ್ಲ, ನಿಮ್ಮದು ಹದಿನೆಂಟು ಜನ, ಯಾರು ಬಂದು ನೋಡ್ತಾರೆ?" ಕೊನೆಗೆ ಅವರೇ ಎರಡು ಉಪಾಯ ಸೂಚಿಸಿದರು. ಹಳೆಯ ಡಿಎ ಬೇಡವೆಂದು ಕಾರ್ಮಿಕರಿಂದ ಒಪ್ಪಿಗೆ ಪತ್ರ ಬರೆಸಿಕೊಳ್ಳುವುದು ಒಂದು. ಇಪ್ಪತ್ತೆರಡು ತಿಂಗಳ ವೇತನ ಪುಸ್ತಕವನ್ನು ಹೊಸದಾಗಿ ಬರೆಸುವುದು ಇನ್ನೊಂದು. ಅದಕ್ಕೆ ಪ್ರತ್ಯೇಕ ಶುಲ್ಕ 15,000 ರೂಪಾಯಿ! ತಪ್ಪು ಮಾಡಿದ್ದಕ್ಕೆ ಮೂರು ಸಾವಿರ, ಅದನ್ನು ಮುಚ್ಚುವುದಕ್ಕೆ ಹದಿನೈದು ಸಾವಿರ.

ಪರಿಚಯದ ವಕೀಲರ ಬಳಿ ಓಡಿದೆ. ಅವರು ಮೊದಲು ಬೈದರು, ಆಮೇಲೆ ವಿವರಿಸಿದರು. 1948ರ ಕನಿಷ್ಠ ವೇತನ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಕನಿಷ್ಠ ವೇತನ ಬಿಟ್ಟುಕೊಡುವ ಯಾವ ಒಪ್ಪಂದವೂ ಅಸಿಂಧು, ಹದಿನೆಂಟು ಜನರೂ ಸಹಿ ಹಾಕಿದರೂ ಅಷ್ಟೇ. ಕಾರ್ಮಿಕರು ಅರ್ಜಿ ಹಾಕಿದರೆ ವ್ಯತ್ಯಾಸದ ಮೊತ್ತದ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸಲು 20ನೇ ಸೆಕ್ಷನ್‌ನಲ್ಲಿ ಅವಕಾಶವಿದೆ. ನನ್ನ ಘಟಕ ನಷ್ಟದಲ್ಲಿದೆ ಎಂಬುದು ಉತ್ತರವಾಗುವುದಿಲ್ಲ, ಸುಪ್ರೀಂ ಕೋರ್ಟ್ 1954ರಲ್ಲೇ ಅದನ್ನು ಹೇಳಿಯಾಗಿದೆ. 1983ರಲ್ಲಂತೂ, ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೇ ವಿಧಿಯಡಿ ಬಲವಂತದ ದುಡಿಮೆ ಎಂದೇ ಹೇಳಿದೆ. ಬಲವಂತದ ದುಡಿಮೆ! ನಾನು ಅಕ್ಕನ ಮಗಳ ಮದುವೆಗೆ ಹೋಗಿ ಮುಯ್ಯಿ ಕೊಟ್ಟು ಬಂದವನು.

ಕನ್ಸಲ್ಟೆಂಟ್ ಮೇಲೆ ಏನಾದರೂ ಮಾಡಬಹುದೇ ಎಂದು ಕೇಳಿದೆ. ಅವರು ಕೊಟ್ಟ ರಸೀದಿಗಳನ್ನು ವಕೀಲರು ತಿರುವಿ ನೋಡಿದರು. ಎಲ್ಲದರಲ್ಲೂ "ಸೇವಾ ಶುಲ್ಕ" ಎಂದಷ್ಟೇ ಇತ್ತು. ಯಾವ ಸೇವೆ, ಯಾವ ಕಾಯ್ದೆ, ಎಲ್ಲಿಯೂ ಒಂದಕ್ಷರವಿಲ್ಲ. ವೇತನ ಪಟ್ಟಿಯಲ್ಲಿ ಸಹಿ ಯಾರದು? ನನ್ನದು. ಹೊಣೆ ಯಾರದು? ನನ್ನದೇ.

ಲಾಕ್‌ಡೌನ್‌ನಲ್ಲಿ ಬೀಗ ಹಾಕಿದ್ದ ವಾರಗಳನ್ನು ಕಳೆದರೂ ಬಾಕಿ ಒಂದೂವರೆ ಲಕ್ಷಕ್ಕೆ ಇಳಿಯಲಿಲ್ಲ, ಅದರ ಮೇಲೆ ಇಎಸ್‌ಐ ವ್ಯತ್ಯಾಸ, ಆ ವ್ಯತ್ಯಾಸಕ್ಕೆ ವರ್ಷಕ್ಕೆ ಶೇಕಡಾ 12ರ ಬಡ್ಡಿ. ಹೆಂಡತಿಯ ಬಳೆ ಅಡವಿಟ್ಟು ಮೂರು ಕಂತಿನಲ್ಲಿ ಕೊಟ್ಟೆ. ದಿನಕ್ಕೆ ಹದಿನಾರು ರೂಪಾಯಿಯ ಲೆಕ್ಕವದು; ಸರಿಯಾದ ಹೊತ್ತಿಗೆ ಗೊತ್ತಾಗಿದ್ದರೆ ಹೇಗಾದರೂ ಹೊಂದಿಸುತ್ತಿದ್ದೆ.

ಈಗ ಅದೇ ವ್ಯಕ್ತಿ "ಹಳೆಯ ಬಾಕಿ ಹೋಯಿತು" ಎನ್ನುತ್ತಿದ್ದಾರೆ. ಹೋಗಿಲ್ಲ. ಕಾಯ್ದೆ ರದ್ದಾದ ಮಾತ್ರಕ್ಕೆ ಅದರಡಿ ಆಗಲೇ ಹುಟ್ಟಿದ ಹೊಣೆ ರದ್ದಾಗುವುದಿಲ್ಲ. ಆ ನಾಲ್ಕು ಸಂಹಿತೆಗಳಲ್ಲೊಂದಾದ ವೇತನ ಸಂಹಿತೆ ನಮ್ಮಂಥವರಿಗೆ ಸಡಿಲವೂ ಅಲ್ಲ. ಹಿಂದೆ ಕಾರ್ಮಿಕರು ಆರು ತಿಂಗಳೊಳಗೆ ಅರ್ಜಿ ಹಾಕಬೇಕಿತ್ತು, ಈಗ ಮೂರು ವರ್ಷದ ಅವಧಿಯಿದೆ. ಹಿಂದೆ ಐನೂರು ರೂಪಾಯಿ ಇದ್ದ ದಂಡ ಈಗ 50,000ದವರೆಗೆ ಹೋಗುತ್ತದೆ. ಹತ್ತು ಪಟ್ಟಿನ ಪರಿಹಾರ ಹಾಗೆಯೇ ಉಳಿದಿದೆ. "ಬೇಸಿಕ್ ಶೇಕಡಾ 50 ತೋರಿಸಿದರೆ ಕನಿಷ್ಠ ವೇತನದ ತಕರಾರೇ ಇಲ್ಲ" ಎಂದೂ ಅವರ ಸಂದೇಶದಲ್ಲಿದೆ. ಶುದ್ಧ ತಪ್ಪು. ಭತ್ಯೆಗಳು ಅರ್ಧಕ್ಕಿಂತ ಹೆಚ್ಚಾದರೆ ಹೆಚ್ಚಾದ ಭಾಗವನ್ನು ವೇತನವೆಂದೇ ಎಣಿಸಬೇಕೆಂಬುದು ಆ ನಿಯಮ, ಕನಿಷ್ಠ ವೇತನದಿಂದ ಅದು ಯಾರಿಗೂ ವಿನಾಯಿತಿ ಕೊಡುವುದಿಲ್ಲ.

ನಾನು ಹೇಳುವುದಿಷ್ಟೇ. ಏಪ್ರಿಲ್ ಬಂತೆಂದರೆ ಅಧಿಸೂಚನೆಯನ್ನು ಕಾರ್ಮಿಕ ಇಲಾಖೆಯ ಜಾಲತಾಣದಲ್ಲಿ ನೀವೇ ತೆರೆದು ಓದಿ. ವಾಟ್ಸಾಪ್ ಚಿತ್ರ ಎಷ್ಟೇ ಅಸಲಿಯಾಗಿರಲಿ, ಅದಾದ ಮೇಲೆ ಏನಾಯಿತೆಂದು ಕೇಳಿ. ಕನ್ಸಲ್ಟೆಂಟ್ ಏನೇನು ಮಾಡಿಕೊಡಬೇಕೆಂಬುದನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಇದು ಹಳೆಯ ಕಥೆಯೆಂದು ಬಿಡಬೇಡಿ, 2020ರ ಆ 417 ರೂಪಾಯಿ ನಿಮ್ಮ ಪಟ್ಟಿಯಲ್ಲಿ ಸೇರಿದೆಯೋ ಇಲ್ಲವೋ ಇವತ್ತೇ ತೆಗೆದು ನೋಡಿ. ನನ್ನ ಪಟ್ಟಿ ಬರೆದ ಕೈಯೇ ನಿಮ್ಮದನ್ನೂ ಬರೆದಿರಬಹುದು.

ಹದಿನೆಂಟರಲ್ಲಿ ಹದಿನಾರು ಜನರಿಗೆ ಬಾಕಿ ತಲುಪಿದೆ. ಪಾವಗಡ ಕಡೆಯ ಇಬ್ಬರು ಹೆಲ್ಪರ್‌ಗಳು 2021ರಲ್ಲೇ ಕೆಲಸ ಬಿಟ್ಟು ಊರಿಗೆ ಹೋದವರು, ಅವರ ನಂಬರ್‌ಗಳು ಈಗ ಬೇರೆ ಯಾರ ಬಳಿಯೋ ಇವೆ. ಅವರ ಹೆಸರು ಬರೆದ ಎರಡು ಕವರುಗಳು ನನ್ನ ಮೇಜಿನ ಖಾನೆಯಲ್ಲಿಯೇ ಇವೆ.