ಪೀಣ್ಯದ ಈ ವಿಎಂಸಿ ಜಾಬ್‌ವರ್ಕ್ ಶಾಪ್: ಬೋರ್ ಪಕ್ಕಾ, ಡೆಲಿವರಿ ಅಷ್ಟಕ್ಕಷ್ಟೆ

ಪೀಣ್ಯ ಸೆಕೆಂಡ್ ಸ್ಟೇಜಲ್ಲಿರೋ ಚಿಕ್ಕ ಶಾಪ್, ಬೇರೆಯವ್ರ ಡ್ರಾಯಿಂಗ್ ನೋಡಿ ಪಾರ್ಟ್ ಮಾಡ್ಕೊಡ್ತಾರೆ, ಎರಡು ವಿಎಂಸಿ (ಕಂಪ್ಯೂಟರ್ ಕಂಟ್ರೋಲ್ ಮಿಲ್ಲಿಂಗ್ ಮೆಷಿನ್) ಒಂದು ಸಿಎನ್‌ಸಿ ಲೇತ್ ಅಷ್ಟೇ. ನಾವು ಕೊಟ್ಟಿದ್ದು 6061 ಗ್ರೇಡ್ ಅಲ್ಯೂಮಿನಿಯಂ ಹೌಸಿಂಗ್, ಅದ್ರೊಳಗೆ 6205 ಬೇರಿಂಗ್ ಕೂರ್ಬೇಕು, ಅಂದ್ರೆ 52 ಎಂಎಂ ಬೋರ್ (ಬೇರಿಂಗ್ ಕೂರೋ ತೂತು), ಟಾಲರೆನ್ಸ್ ಎಚ್7, ಅಂದ್ರೆ ಅಳತೆ ಮೇಲಕ್ಕೆ 30 ಮೈಕ್ರಾನ್ (0.03 ಎಂಎಂ) ತನಕ ಹೋಗ್ಬಹುದು ಕೆಳಗಡೆ ಸೊನ್ನೆ.

ಕೆಲವ್ರು ಡ್ರಾಯಿಂಗ್ ತೆಗೆದೂ ನೋಡ್ದೆ ರೇಟ್ ಹೇಳ್ಬಿಡ್ತಾರೆ, ಇವ್ರು ನೋಡಿ ಫೋನ್ ಮಾಡಿದ್ರು, ಪಾಕೆಟ್ (ಒಳಗೆ ಕೊರೆಯೋ ಗುಂಡಿ) ಕಾರ್ನರ್ ಶಾರ್ಪ್ ತೋರಿಸಿದೀರ, ಎಂಡ್‌ಮಿಲ್ ಕಟರ್ ರೌಂಡು ಸಾರ್, ಮೂಲೇಲಿ ರೇಡಿಯಸ್ ಬಿಟ್ಟೇ ಬಿಡುತ್ತೆ, ಶಾರ್ಪೇ ಬೇಕಂದ್ರೆ ಇಡಿಎಂಗೆ (ಕರೆಂಟ್ ಕಿಡಿಯಿಂದ ಕೊರೆಯೋ ಮೆಷಿನ್‌ಗೆ) ಹಾಕ್ಬೇಕು ಅದಕ್ಕೆ ಬೇರೆ ರೇಟು, ಆರ್6 (6 ಎಂಎಂ ರೇಡಿಯಸ್) ಮಾಡ್ಕೊಡಿ 10 ಎಂಎಂ ಕಟರಲ್ಲಿ ಆರಾಮಾಗಿ ಮುಗಿಸ್ತೀವಿ ಅಂದ್ರು. ದುಡ್ಡು ಉಳೀತು.

ಇನ್ನೊಂದು ಇಷ್ಟ ಆಗಿದ್ದು ಅಳತೆ ತಗೊಳ್ಳೋ ರೀತಿ. ಆಪರೇಟರ್ ಹುಡುಗ ಪೀಸ್ ಬಿಚ್ಚಿ ಏರ್‌ಗನ್ ಹೊಡೆದು ಸರ್ಫೇಸ್ ಪ್ಲೇಟ್ ಮೇಲಿಟ್ಟು ಪಕ್ಕದ ಕೆಲಸಕ್ಕೆ ಹೋದ, ತಣ್ಣಗಾದ್ಮೇಲೇ ಬೋರ್‌ಗೇಜ್ ಇಳಿಸಿದ್ದು. ಇದು ಸುಮ್ನೆ ಶೋಕಿ ಅಲ್ಲ, ಅಲ್ಯೂಮಿನಿಯಂ 10 ಡಿಗ್ರಿ ಬಿಸಿ ಇದ್ರೆ ಈ ಸೈಜಿಗೆ ಸುಮಾರು 12 ಮೈಕ್ರಾನ್ ಹಿಗ್ಗಿರುತ್ತೆ, ಬಿಸೀಲಿ ಓಕೆ ಅಂದಿದ್ದು ಮಾರನೇ ದಿನ ಟೈಟ್. ನಮ್ ಬೇರಿಂಗ್ ಕೈಯಲ್ಲಿ ಒತ್ತಿದ್ರೆ ನೀಟಾಗಿ ಕೂತ್ಕೊಂತು.

ಈಗ ಬೇಜಾರಿನ ವಿಷ್ಯ. ಅನೋಡೈಸಿಂಗ್ (ಅಲ್ಯೂಮಿನಿಯಂ ಮೇಲೆ ಗಟ್ಟಿ ಆಕ್ಸೈಡ್ ಕೋಟಿಂಗ್ ಬೆಳೆಸೋದು) ಹೊರಗಡೆ ಮಾಡಿಸ್ತಾರೆ, ಬೋರ್‌ಗೆ ಕೋಟಿಂಗ್ ಕೂರದ ಹಾಗೆ ಮಾಸ್ಕಿಂಗ್ ಹಾಕ್ಸಿದ್ರು ಸರಿ, ಆದ್ರೆ ಎಂ4 ಸ್ಕ್ರೂ ಹೋಲ್‌ಗಳನ್ನ ಮರ್ತೇ ಬಿಟ್ಟಿದಾರೆ, ಕೋಟಿಂಗ್ ಥ್ರೆಡ್ ಒಳಗೂ ಕೂತು ಸ್ಕ್ರೂ ಅರ್ಧಕ್ಕೇ ಹಿಡ್ಕೊಳ್ತಿತ್ತು, ನಮ್ ಫಿಟ್ಟರ್ ಕೂತ್ಕೊಂಡು ಎಲ್ಲಾ ಹೋಲ್‌ಗೂ ಮತ್ತೆ ಟ್ಯಾಪ್ (ಥ್ರೆಡ್ ಕೊರೆಯೋ ಟೂಲ್) ಓಡಿಸ್ಬೇಕಾಯ್ತು. ಕೇಳಿದ್ರೆ ಅದು ಅನೋಡೈಸಿಂಗ್ ಮಾಡೋ ಪ್ಲೇಟಿಂಗ್‌ನವ್ರು ಮಾಡಿದ್ದು ಸಾರ್ ಅಂತಾರೆ, ಬಿಲ್ ನೀವು ತಾನೆ ಹಾಕಿದ್ದು ಗುರು? ಡೆಲಿವರಿ ಅಂತೂ ನಾಳೆ ನಾಳೆ ಅಂತ ಒಂದು ವಾರ ಎಳೆದ್ರು. ಡಿಬರಿಂಗ್ (ಅಂಚಲ್ಲಿ ಉಳಿದ ಚೂಪು ತೆಗೆಯೋದು) ಪರ್ವಾಗಿಲ್ಲ.

ರೇಟ್ ಅಕ್ಕಪಕ್ಕದವ್ರಿಗಿಂತ ಸ್ವಲ್ಪ ಜಾಸ್ತೀನೆ, ಬೋರ್ ಮುಖ್ಯ ಇರೋ ಕೆಲಸಕ್ಕೆ ಕೊಡ್ಬಹುದು. ಬರೀ ಬ್ರಾಕೆಟ್ಟು ಪ್ಲೇಟು ಆದ್ರೆ ಇಲ್ಲಿಗ್ಯಾಕೆ, ಅದೇ ರೋಡಲ್ಲಿ ಬೇಕಾದಷ್ಟು ಜನ ಇದಾರೆ. ಅನೋಡೈಸಿಂಗ್ ಇದ್ರೆ ಯಾವ್ಯಾವ ಹೋಲ್ ಮುಚ್ಬೇಕು ಅಂತ ಪಿಓದಲ್ಲೇ (ಪರ್ಚೇಸ್ ಆರ್ಡರಲ್ಲೇ) ಬರೆದು ಕೊಡಿ, ಬಾಯಲ್ಲಿ ಹೇಳಿದ್ರೆ ಲೆಕ್ಕಕ್ಕಿಲ್ಲ. 5ಕ್ಕೆ 3.5 ಸ್ಟಾರ್.